ಫಟಫಟಿಯ ಪುಸ್ತಕ

ಪಂಚಮಿಗೆಂದು ಮನೆ ಸಾರಿಸುವ ಭರದಲ್ಲಿ ಸಿದ್ದಲಿಂಗವ್ವ ಒಂದು ಹೊರೆ ಹಳೆಯ ಕಾಗದ ಕೊಟ್ಟು ಪಾತ್ರೆ ಮಾರುವ ಭಾಂಡೆಯವನಿಂದ ಸ್ಟೀಲಿನ ಬಟ್ಟಲು ತೆಗೆದುಕೊಂಡಳು. ಆ ಹೊರೆಯೊಳಗೆ ಗಂಡನ ಫಟಫಟಿ ಮೋಟಾರು ಸೈಕಲ್ಲಿನ ಆರ್.ಸಿ. ಪುಸ್ತಕವೂ ಹೋಯಿತೆಂಬುದು ಮೂರು ದಿನದ ಮೇಲೆ ತಿಳಿಯಿತು.

ಗಂಡ ಚನ್ನಬಸಯ್ಯ ಮನಗೂಳಿಯ ದನದ ದವಾಖಾನೆಯ ಕಂಪೌಂಡರ್. ಹತ್ತು ಹಳ್ಳಿಯ ಎಮ್ಮೆಗಳ ಬಾಣಂತನ ಆ ಫಟಫಟಿಯ ಮೇಲೆಯೇ ನಡೆಯುತ್ತಿತ್ತು. ಅದೃಷ್ಟಕ್ಕೆ ಅಂದೇ ಆರ್.ಟಿ.ಓ. ಸಾಹೇಬರು ಬಾಗೇವಾಡಿಯಲ್ಲಿ ಕ್ಯಾಂಪು ಹಾಕಿದ್ದರು. ಪುಸ್ತಕ ಕಳೆದಿದೆಯೆಂದು ಪೊಲೀಸರ ದಾಖಲೆ ಒಯ್ದರೆ ಸಂಜೆ ಐದರೊಳಗೆ ನಕಲು ಸಿಗುತ್ತಿತ್ತು. ತಪ್ಪಿದರೆ ಮತ್ತೆ ಮೂರು ತಿಂಗಳು.

ಅರ್ಜಿ ಬರೆಯಲು ಪಕ್ಕದ ಮನೆಯ ಗುರುಲಿಂಗಪ್ಪ ಕರೆಯದೆಯೇ ಬಂದ. ನಲವತ್ತು ವರ್ಷ ಬಾಂಡ್ ಬರೆದ ಕೈ.

"ಬರೇ ಪುಸ್ತಕ ಕಳೀತು ಅಂದ್ರ ಸಾಲಿ ಹುಡುಗನ ಅರ್ಜಿ ಆಗ್ತೈತ್ರಿ. ಸ್ವಲ್ಪ ವಜನ ಇರ್ಲಿ," ಎಂದು ಎರಡು ಪುಟ ತುಂಬಿಸಿದ. ಆ ಕೋರ್ಟಿನ ಭಾಷೆಯಲ್ಲಿ ಮೂರನೆಯ ಸಾಲು ದಾಟಲಾಗದೆ ಚನ್ನಬಸಯ್ಯ ಸುಮ್ಮನೆ ಸಹಿ ಹಾಕಿದ.

ಠಾಣೆಯಲ್ಲಿ ಹವಾಲ್ದಾರ ಜೈನುದ್ದೀನ ಅರ್ಜಿ ಇಸಿದುಕೊಂಡು, ಫೌಜದಾರರ ಸಹಿಗೆ ಮಧ್ಯಾಹ್ನ ಬರಲು ಹೇಳಿದ. ಅಷ್ಟರಲ್ಲಿ ಮಸೂತಿ ಎಂಬ ಹಳ್ಳಿಯಲ್ಲೊಂದು ಎಮ್ಮೆ ಈಯಲಾರದೆ ಒದ್ದಾಡುತ್ತಿದೆಯೆಂದು ಸುದ್ದಿ ಬಂತು. ಚನ್ನಬಸಯ್ಯ ಹೋಗಿ, ಕರುವನ್ನೆಳೆದು, ತಾಯಿಯನ್ನು ಉಳಿಸಿ ಹೊರಟ. ಮರಳುವ ದಾರಿಯಲ್ಲಿ ಚಕ್ಕಡಿ ಅಡ್ಡ ನಿಲ್ಲಿಸಿಕೊಂಡು ಮೂವರು ಪೊಲೀಸರು ಕಾದಿದ್ದರು. ಫಟಫಟಿಯ ನಂಬರು ನೋಡಿದವರೇ ಅವನ ರಟ್ಟೆ ಹಿಡಿದರು.

ಚನ್ನಬಸಯ್ಯನ ಬಾಯಿ, ಔಷಧ ಕುಡಿಸಲು ಹಿಡಿದ ಎತ್ತಿನ ಬಾಯಿಯಂತೆ ತೆರೆದೇ ಉಳಿಯಿತು. ಗಾಡಿ ತನ್ನದೇ ಎಂದ. ಕಳ್ಳರೆಲ್ಲ ಹಾಗೇ ಅನ್ನುತ್ತಾರೆಂದು ಅವರು ಪುಸ್ತಕ ಕೇಳಿದರು. ಕಳೆದಿದೆಯೆಂದಾಗ ಮೂವರೂ ನಕ್ಕರು.

ಫೌಜದಾರರ ಹಿಗ್ಗಿಗೆ ಪಾರವಿರಲಿಲ್ಲ. ಮುಂಜಾನೆ ಬಂದ ಕಂಪ್ಲೇಂಟಿಗೆ ಮಧ್ಯಾಹ್ನವೇ ಕಳ್ಳ ಸಿಕ್ಕದ್ದು ಅವರ ನೌಕರಿಯಲ್ಲೇ ಮೊದಲು. ಕಳ್ಳನ ಮಾತು ಕೇಳುವ ವ್ಯವಧಾನ ಅವರಿಗಿರಲಿಲ್ಲ. ಗಾಡಿಯನ್ನು ಜಪ್ತಿ ರಿಜಿಸ್ಟರಿಗೆ ಏರಿಸಿ, ಕಂಪ್ಲೇಂಟು ಕೊಟ್ಟವನನ್ನು ಕರೆತರಲು ಒಬ್ಬನನ್ನು ಕಳಿಸಿದರು. ಅವನು ಒಬ್ಬನೇ ಮರಳಿದ.

"ಅಂವ ಮನಿಯಾಗ ಇಲ್ರಿ ಸಾಹೇಬ್ರ. ಕಳುವಾದ ಗಾಡಿ ಮ್ಯಾಲೇ ಕುಂತು ಮಸೂತಿಗೆ ಹೋಗ್ಯಾನಂತ."

ಊಟ ಮುಗಿಸಿ ಬಂದ ಜೈನುದ್ದೀನ, ಕಂಪ್ಲೇಂಟು ಕೊಟ್ಟವನು ಇವನೇ ಎಂದು ಗುರುತು ಹಿಡಿದ ಮೇಲೆ ಫೌಜದಾರರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. "ಸದರಿ ವಾಹನವು ದಾಖಲೆ ಸಮೇತ ಅಪರಿಚಿತರಿಂದ ಅಪಹೃತವಾಗಿ..." ಗುರುಲಿಂಗಪ್ಪ ಹಾಕಿದ ವಜನ ಎಂಥದೆಂದು ಚನ್ನಬಸಯ್ಯನಿಗೆ ಆಗ ತಿಳಿಯಿತು.

ಫೌಜದಾರರು ಪೆಚ್ಚಾಗಿ ಪುಸ್ತಕ ಕಳೆದ ದಾಖಲೆಗೆ ಸಹಿ ಹಾಕಿ ಕೊಟ್ಟರು. ಆದರೆ ರಿಜಿಸ್ಟರಿಗೆ ಏರಿದ ಗಾಡಿಯನ್ನು ಪುಸ್ತಕ ನೋಡದೆ ಬಿಡುವಂತಿಲ್ಲವೆಂದರು.

ಸಿಕ್ಕ ಲಾರಿ ಹತ್ತಿ ಚನ್ನಬಸಯ್ಯ ಬಾಗೇವಾಡಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಆರ್.ಟಿ.ಓ. ಸಾಹೇಬರು ಒಳ್ಳೆಯವರು. ಕಾಗದವನ್ನೆಲ್ಲ ಓದಿ, ಹೊಸ ಪುಸ್ತಕದ ಮೇಲೆ ಅವನ ಹೆಸರು ಬರೆದು, ಸಹಿಗೆಂದು ಪೆನ್ನು ಎತ್ತಿದರು.

"ಗಾಡಿ ಹೊರಗ ನಿಲ್ಲಿಸೀರೇನು?" ಎಂದು ಕೇಳಿದರು. "ನಡೀರಿ, ಇಂಜಿನ್ ನಂಬರ ನೋಡೋಣ. ಅದನ್ನ ನೋಡದ ನಾ ಪುಸ್ತಕ ಕೊಡಂಗಿಲ್ರಿ."