ಬಾಗಿಲಿಲ್ಲದ ಹಿಡಿಗಳು

ನನ್ನ ಸೋದರಮಾವನನ್ನು ಮನೆಗೆ ಕರೆಯುವವರು ಒಡವೆ ಬಚ್ಚಿಡಬೇಕಿಲ್ಲ, ಗೋಡೆಗಳನ್ನು ಬಚ್ಚಿಡಬೇಕು! ಡ್ರಿಲ್ಲಿಂಗ್ ಮಷೀನ್ ಕೊಂಡಾಗಿನಿಂದ ಈ ಮನುಷ್ಯ ಗೋಡೆ ಕಂಡರೆ ಸುಮ್ಮನಿದ್ದದ್ದೇ ಇಲ್ಲ. ನನಗೆ ಹೆಣ್ಣು ನೋಡಲು ಕೋಲಾರಕ್ಕೆ ಬಂದವರು ಹುಡುಗಿಯನ್ನು ಬಿಟ್ಟು ಗೋಡೆ ಕುಟ್ಟಿದರು. "ನಿಮ್ ಗೋಡೆ ಟೊಳ್ಳು ಕಣಮ್ಮಾ!" ಎಂದು ನನ್ನ ಅತ್ತೆಯಾಗುವವರಿಗೇ ಹೇಳಿಬಿಟ್ಟರು. ನಾನು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾಲೂರಿನ ನಮ್ಮ ಮನೆಗೆ ಮಹಡಿ ಕಟ್ಟಿಸುವಾಗ, ಹಸಿ ಗೋಡೆಗಳಿಗೆ ದಿನಾ ನೀರು ಹಾಕುತ್ತಿದ್ದವಳು ಅಮ್ಮ. ಒಗ್ಗರಣೆ ಮುಗಿಸಿ, ಅರಿಶಿನದ ಕೈಯನ್ನು ಗೋಡೆಗೂರಿ ಮೆಟ್ಟಿಲು ಹತ್ತುತ್ತಿದ್ದಳು. ಒಂದು ದಿನ ಜಾರಿ ಬಿದ್ದಳು. ಕಾಲಿನ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. "ಗೃಹಪ್ರವೇಶ ನೀವ್ ಮಾಡ್ಕಳಿ. ನಾನ್ ಕೆಳಗಿಂದ್ಲೇ ಕೈ ಮುಗೀತೀನಿ" ಎಂದಳು. ತಾನೇ ನೀರುಣಿಸಿದ ಮನೆಗೆ ಅವಳೇ ಇಲ್ಲವೆಂದರೆ ಹೇಗೆ?

ಮೆಟ್ಟಿಲ ಪಕ್ಕ ಕಂಬಿ ಹಾಕಿಸೋಣವೆಂದೆ. ಸುದ್ದಿ ಮಾವನ ಊರು ಗೌನಿಪಲ್ಲಿಗೆ ಮುಟ್ಟಿದ್ದೇ ತಡ, ಅವರು ಮಷೀನನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿಳಿದರು! ಅದಕ್ಕೆ ಕುಂಕುಮ, ಹೂವು. ಚಪ್ಪಲಿ ಬಿಟ್ಟು ಕೈ ಮುಗಿದು ಸ್ವಿಚ್ ಒತ್ತಿದರೆ ಢರ್ರ್ರ್! ಬೀದಿಯೆಲ್ಲ ನಮ್ಮ ಬಾಗಿಲಿಗೆ ಬಂತು.

"ಮಾವ, ದಾರ ಹಿಡಿದು ಗುರುತು ಹಾಕ್ಕೊಳ್ಳಿ."

"ದಾರ ಯಾಕ್ಲಾ? ಗುರುತೆಲ್ಲ ಆಗ್ಲೇ ಐತಲ್ಲ!"

ನನಗೊಂದೂ ಕಾಣಲಿಲ್ಲ. ಕಾಂಕ್ರೀಟಿನಲ್ಲಿ ಒಂದು ತೂತು ಮೇಲೆ, ಒಂದು ಕೆಳಗೆ! ಪ್ರತಿ ತೂತಿಗೂ ಅಮ್ಮನ ಒಲೆಯ ಊದುಗೊಳವೆ ಇಟ್ಟು ಉಫ್ ಎಂದು ಊದಿದರು. "ಒಳಗೆ ಧೂಳಿದ್ರೆ ಬೋಲ್ಟ್ ಹಿಡಿಯಲ್ಲ ಅಲ್ಲುಡಾ!" ಅಳಿಯನಾದ ನನ್ನನ್ನು ಅವರು ತೆಲುಗಿನಲ್ಲಿ ಕರೆಯುವುದೇ ಹಾಗೆ. ಧೂಳೆಲ್ಲ ಮೀಸೆಗೆ ಬಂತು. ಕಂಬಿಯ ಬದಲು ಹಳೇ ಬಾಗಿಲುಗಳ ಹಿಡಿ ತಂದು, ಬೋಲ್ಟ್ ಬಿಗಿದು, ಒಂದೊಂದಕ್ಕೂ ಲುಂಗಿಯಲ್ಲೇ ಕಾಲು ಮಡಿಸಿ ನೇತಾಡಿದರು. ಎದುರುಮನೆಯ ಹೆಂಗಸರು ಮುಖ ತಿರುಗಿಸಿದರು.

"ಇಳೀರಿ ಮಾವ, ಮಾನ ಹೋಗ್ತಿದೆ!"

"ಮಾನ ಹೋಗ್ಲಿ, ಬೋಲ್ಟ್ ಹೋಗ್ಬಾರ್ದು!"

ಮಾವ ಊರಿಗೆ ಹೋದ ಮೇಲೆ, ಗೋಡೆಯ ಮೇಲಿದ್ದ ಅರಿಶಿನದ ಕೊಳೆ ನೆಂಟರಿಗೆ ಕಾಣಬಾರದೆಂದು ಬಿಳಿ ಬಣ್ಣ ಹೊಡೆಸಿದೆ.

ಗೃಹಪ್ರವೇಶದ ದಿನ ಕೋಲಾರದ ಅತ್ತೆ ಕೇಳಿದರು: "ಏನಳಿಯಂದ್ರೇ, ಇಷ್ಟೊಂದು ಬಾಗ್ಲು! ಒಂದೂ ತೆಗೆಯಲ್ವಲ್ಲ?"

ನೆಂಟರೆಲ್ಲ ನಕ್ಕರು. ಅವಮಾನದಲ್ಲಿ ನನ್ನ ಬಾಯಿ ಜಾರಿತು. "ನಮ್ಮ ಮಾವನಿಗೆ ತಲೆ ಸರಿಯಿಲ್ಲ, ಬಿಡಿ."

ಮಾವ ನನ್ನ ಹಿಂದೆಯೇ ನಿಂತಿದ್ದರು. "ಪರ್ಲೇದು ಅಲ್ಲುಡಾ, ಪರವಾಗಿಲ್ಲ" ಎಂದು ಮೆಟ್ಟಿಲ ಬುಡದಲ್ಲಿದ್ದ ಅಮ್ಮನ ಹತ್ತಿರ ಹೋಗಿ, "ಅಕ್ಕಾ, ಬಾ. ನೀನ್ ಯಾವತ್ತೂ ಇಡೋ ಕಡೆ ಕೈ ಇಡು" ಎಂದರು.

ಅಮ್ಮ ಹೆದರುತ್ತಲೇ ಕೈ ಚಾಚಿದಳು. ಅಲ್ಲೊಂದು ಹಿಡಿ. ಮುಂದಿನ ಮೆಟ್ಟಿಲಿಗೆ ಇನ್ನೊಂದು. ತಿರುವಿನಲ್ಲಿ ಅವಳು ಬಗ್ಗುವ ಕಡೆ ಹಿಡಿಯೂ ತಗ್ಗಿನಲ್ಲಿತ್ತು. ನೋಡದೆಯೇ ಕೈ ಹೋಗಿ ಕೂರುತ್ತಿತ್ತು. ಅವಳ ಹಳದಿ ಕೈಗುರುತು ಇದ್ದಲ್ಲೆಲ್ಲ ಮಾವ ತೂತು ಕೊರೆದಿದ್ದರು. ನಾನು ಕೊಳೆಯೆಂದು ಬಣ್ಣ ಹೊಡೆಸಿ ಮುಚ್ಚಿದ್ದು ಅದನ್ನೇ! ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಹಾಲು ಉಕ್ಕಿತು. ಅಮ್ಮ ಅತ್ತಳು. ಆಮೇಲೆ, "ಇಳಿಯೋದು ಹೆಂಗೋ ತಮ್ಮಾ?" ಎಂದಳು.

"ಇಳಿಯೋವಾಗ ಬಲಗೈಗೆ ಈ ಕಡೆ ಗೋಡೆ ಬರುತ್ತೆ. ನೀರು ಹಾಕಿ ಇಳಿಯೋ ಹೊತ್ಗೆ ನಿನ್ ಕೈ ಅರಿಶಿನ ತೊಳೆದೋಗಿರ್ತಿತ್ತು. ಅಲ್ಲಿ ಗುರುತಿಲ್ವಲ್ಲಕ್ಕಾ" ಎಂದು ಮಾವ ಬಿಳಿ ಗೋಡೆ ಕುಟ್ಟುತ್ತಾ ನಿಂತರು.

ನಾನು ಪೂಜೆಯ ತಟ್ಟೆಯಿಂದ ಅರಿಶಿನ ತೆಗೆದು, ನೀರಲ್ಲಿ ಕಲಸಿ, ನೆಂಟರೆಲ್ಲರ ಎದುರು ಅಮ್ಮನ ಬಲಗೈಗೆ ಬಳಿದೆ.