ನಳದ ಪಾಳಿಯಲ್ಲಿ ಏಕಾಗ್ರತೆ

ನನ್ನ ನೆಮ್ಮದಿ ಕೆಟ್ಟದ್ದು ಶ್ರಾವಣದ ಒಂದು ಶುಕ್ರವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ. ವೇಳೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಪುಣೆಯ ನಮ್ಮ ವಾಡೆಯ ನಳಕ್ಕೆ ನೀರು ಬರುವುದು ಆ ಹೊತ್ತಿಗೇ. ವಾಡೆಯ ಮೇಲಂತಸ್ತಿನ ಕಟ್ಟಿಗೆಯ ಗ್ಯಾಲರಿ ಕುಸಿದದ್ದೂ ಆ ನಳದ ಹತ್ತಿರವೇ. ವಾಡೆಯೆಂದರೆ ಅರಮನೆ ಎಂದು ನಮ್ಮೂರ ಕಡೆಯವರು ತಿಳಿಯುತ್ತಾರೆ. ಇರುವುದು ಇಷ್ಟೇ: ನಡುವೆ ಅಂಗಳ, ಸುತ್ತ ಬಾಡಿಗೆಯ ಬಿಡಾರಗಳು, ಎಲ್ಲರಿಗೂ ಸೇರಿ ಒಂದೇ ನಳ. ಇಷ್ಟನ್ನೂ ಎತ್ತಿ ಹಿಡಿದಿರುವುದು ಮಾಲಕರ ಅಜ್ಜ ಗಳಿಸಿಟ್ಟ ಪುಣ್ಯವೇ ಹೊರತು ತೊಲೆಗಳಲ್ಲ.

ನನ್ನ ಹೆಂಡತಿ ಸುಭದ್ರಾ ಏಳು ತಿಂಗಳ ಬಸುರಿ. ಆದ್ದರಿಂದ ನೀರು ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ಎಲ್ಲರಿಗಿಂತ ಮೊದಲೇ ಹೋಗಿ ನಳದ ಬುಡದಲ್ಲಿ ಪಾಳಿ ಹಿಡಿದು ನಿಂತೆ. ತಲೆಯಲ್ಲಿ ಮಾತ್ರ, ಹಿಂದಿನ ದಿನ ಹೆಡ್ ಕ್ಲಾರ್ಕರಿಗೆ ಕೊಡಬೇಕಾಗಿದ್ದು ಕೊಡದೆ ನುಂಗಿಕೊಂಡ ಉತ್ತರ ತಿರುಗುತ್ತಿತ್ತು. ಬಾಗಿಲಿನಿಂದ ಸುಭದ್ರಾ ಕೂಗಿದಳು: "ಏನ್ರಿ, ಕೈಯಾಗೇನದ ನೋಡಿಕೊಂಡೀರೇನು? ನಳದಾಗ ಚಿಮಣಿ ಎಣ್ಣಿ ಬರ್ತದೇನು?"

ನೋಡಿದರೆ ಕೊಡದ ಬದಲು ಚಿಮಣಿ ಎಣ್ಣೆಯ ಖಾಲಿ ಡಬ್ಬಿ ಹಿಡಿದು ಬಂದಿದ್ದೆ. ಪಾಳಿ ತಪ್ಪಬಾರದೆಂದು ಅದನ್ನು ಅಲ್ಲಿಯೇ ಇಟ್ಟು, ಕೊಡ ತರಲು ತಿರುಗಿ ನಮ್ಮ ಹೊಸ್ತಿಲು ಮುಟ್ಟಿದ್ದೆ, ಅಷ್ಟೆ. ಬೆನ್ನ ಹಿಂದೆ ಆಕಾಶವೇ ಕಳಚಿ ಬಿದ್ದಂತಾಯಿತು. ಧೂಳು ಕೂತ ಮೇಲೆ ನೋಡಿದರೆ ತೊಲೆಯ ಕೆಳಗೆ ನನ್ನ ಡಬ್ಬಿ ಹಪ್ಪಳವಾಗಿತ್ತು. ಬೇರೆ ಯಾರಿಗೂ ಏನೂ ಆಗಲಿಲ್ಲ. ನಳಕ್ಕೂ ಆಗಲಿಲ್ಲ, ಅದು ವೇಳೆಗೆ ಸರಿಯಾಗಿ ಹರಿಯತೊಡಗಿತು.

ಮಾಲಕರು ಬಂದು, ನಳದ ಮೇಲೆ ಇನ್ನೂ ಜೋತುಕೊಂಡಿದ್ದ ಉಳಿದರ್ಧ ಗ್ಯಾಲರಿಗೆ ಎರಡು ಬೊಂಬು ಆನಿಸಿ, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದರು. ಅವರು ಇರುವುದು ಬೇರೆ ಪೇಟೆಯಲ್ಲಿ. ನಾನು ಮಾತ್ರ ಅಂದಿನಿಂದ ಕಣ್ಣು ಮುಚ್ಚಿದರೆ ಡಬ್ಬಿ ಕಾಣುತ್ತಿದ್ದೆ. ಒಮ್ಮೊಮ್ಮೆ ಡಬ್ಬಿಯ ಜಾಗದಲ್ಲಿ ನನ್ನನ್ನೇ ಕಾಣುತ್ತಿದ್ದೆ. ನಿದ್ದೆ ಹೋಯಿತು, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ. ನಳದ ಕಡೆಗೆ ಹೊರಟರೆ ಅರ್ಧ ಅಂಗಳದಿಂದಲೇ ತಿರುಗಿ ಬರುತ್ತಿದ್ದೆ. ಕೊನೆಗೆ ಬಸುರಿ ಹೆಂಡತಿಯೇ ಕೊಡ ಎತ್ತಿದಳು. ಅವಳನ್ನು ಹೆರಿಗೆಗೆ ಹುಬ್ಬಳ್ಳಿಗೆ ಕರೆದೊಯ್ಯಲು ಅತ್ತೆ ಬರುವವರಿದ್ದರು. ಇವಳ ಹಟ ಒಂದೇ: "ನೀವು ನಳದ ಹತ್ರ ಹೋಗೂತನಕ ನಾ ತವರಿಗೆ ಹೋಗೂದಿಲ್ಲ. ನಾ ಹೋದ್ರ ಇಲ್ಲಿ ನೀರು ಕೊಡಾವ್ರು ಯಾರು?" ಆ ಗ್ಯಾಲರಿಯ ಕೆಳಗೆ ಅವಳು ನಿಂತದ್ದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಗಂಡಸಾದವನು ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಇಂಥ ಸಮಯಕ್ಕೆ ಉಪದೇಶಕರು ಇರುವೆಗಳ ಹಾಗೆ ಎಲ್ಲಿಂದಲೋ ಬರುತ್ತಾರೆ. ನಮ್ಮಲ್ಲಿಗೆ ಬಂದವರು ನನ್ನ ಸೋದರಮಾವ ಶೇಷಗಿರಿರಾಯರು. ಮುಖ್ಯಾಧ್ಯಾಪಕರಾಗಿ ನಿವೃತ್ತರಾಗಿ ಪುಣೆಯಲ್ಲಿ ಮಗನ ಮನೆಯಲ್ಲಿರುವವರು. ಯಾರೋ ಸಾಧುಗಳ ಪ್ರವಚನ ಒಂದು ವಾರ ಕೇಳಿ ಬಂದಿದ್ದರು. ಸಾಧುಗಳು ಊರು ಬಿಟ್ಟ ಮೇಲೆ ಪ್ರವಚನ ಇವರಲ್ಲಿ ಉಳಿದುಕೊಂಡಿತ್ತು.

"ವೆಂಕಣ್ಣಾ, ನಿನ್ನ ರೋಗದ ಮೂಲ ಲಕ್ಷ್ಯ ಇಲ್ಲದ್ದು. ಉಣ್ಣೂ ಮುಂದ ಉಣ್ಣೂದರಾಗ ಇರು. ಬಾಂಡೆ ತಿಕ್ಕೂ ಮುಂದ ಬಾಂಡೆದಾಗ ಇರು. ಮನಸಿನ ಭಾರ ತಾನ ಇಳೀತದ."

ಒಳಗಿನಿಂದ ಸುಭದ್ರಾ ಕೇಳಿದಳು: "ಮಾವನವರ, ನೀವು ಬಾಂಡೆ ತಿಕ್ಕಿದ್ದು ಯಾವಾಗರಿ?"

"ವೈದ್ಯ ತಾನ ಕಷಾಯ ಕುಡೀತಾನೇನವಾ?" ಎಂದು ಮಾವ ಇನ್ನೊಂದು ಕಪ್ಪು ಚಹಾಕ್ಕೆ ಕೈ ಚಾಚಿದರು.

ಪಾತ್ರೆ ತಿಕ್ಕುವುದರಲ್ಲಿ ಬ್ರಹ್ಮಾನಂದವಿದೆ ಎನ್ನುವವರೆಲ್ಲ ಹೀಗೆಯೇ. ಆ ಆನಂದವನ್ನು ಉದಾರವಾಗಿ ಹೆಂಗಸರಿಗೆ ಬಿಟ್ಟುಕೊಟ್ಟವರು. ಅದಿರಲಿ. ನಾನು ಬದುಕಿ ಉಳಿದದ್ದೇ ಲಕ್ಷ್ಯವಿಲ್ಲದ್ದರಿಂದ. ಅಂದು ಏಕಾಗ್ರಚಿತ್ತದಿಂದ ಸರಿಯಾದ ಕೊಡ ತಂದಿದ್ದರೆ ಈ ಪ್ರಬಂಧವನ್ನು ಯಾರೂ ಬರೆಯುತ್ತಿರಲಿಲ್ಲ. ಇದನ್ನು ಮಾವನಿಗೆ ಹೇಳಿದೆ. "ಅದು ದೈವ" ಎಂದರು. ಲಕ್ಷ್ಯದಿಂದ ಆದದ್ದೆಲ್ಲ ಸಾಧನೆ, ಅಲಕ್ಷ್ಯದಿಂದ ಆದದ್ದೆಲ್ಲ ದೈವ. ಬಿ.ಎ.ಗೆ ನಾನು ಓದಿದ ತರ್ಕಶಾಸ್ತ್ರದಲ್ಲಿ ಈ ಸೂತ್ರ ಇರಲಿಲ್ಲ.

ಆದರೂ ಮುಳುಗುವವನು ಹುಲ್ಲುಕಡ್ಡಿಯ ಕುಲ ಕೇಳುವುದಿಲ್ಲ. ಸಾಧನೆ ಶುರುಮಾಡಿದೆ. ಹಲ್ಲುಜ್ಜುವಾಗ ಒಂದೊಂದು ಹಲ್ಲನ್ನೂ ಧ್ಯಾನಿಸಿದೆ. ಎಡಗಡೆಯ ದವಡೆ ಹಲ್ಲು ಹುಳುಕಾಗಿದೆಯೆಂದು ತಿಳಿದು ಹೊಸದೊಂದು ದುಃಖ ಸೇರಿತು. ಉಣ್ಣುವಾಗ ಜೋಳದ ರೊಟ್ಟಿಯ ತುತ್ತು ತುತ್ತನ್ನೂ ಗಮನಿಸಿದೆ. ಇವಳು ಕದ್ದು ಹಿಟ್ಟಿಗೆ ಗೋದಿ ಬೆರೆಸುವುದು ಗೊತ್ತಾಯಿತು. ಕೋಟಿನ ಗುಂಡಿ ಹಾಕುವುದರಲ್ಲಿ ಲೀನನಾಗಿ ಕಚೇರಿಗೆ ತಡವಾಗಿ ಹೋದೆ. ಹೆಡ್ ಕ್ಲಾರ್ಕರು ನನ್ನನ್ನು ಬೈಯುವುದರಲ್ಲಿ ಪೂರ್ತಿ ಲೀನರಾದರು. ಅವರಿಗೆ ಯಾರ ಪ್ರವಚನವೂ ಬೇಕಾಗಿರಲಿಲ್ಲ. ಎಲ್ಲಕ್ಕಿಂತ ಕೇಡೆಂದರೆ, ಲಕ್ಷ್ಯ ಹೆಚ್ಚಿದಂತೆ ಗ್ಯಾಲರಿಯೂ ಹೆಚ್ಚು ಕಾಣತೊಡಗಿತು. ಮೊದಲು ನನಗೆ ಕಂಡದ್ದು ಬರೀ ಒಂದು ಗ್ಯಾಲರಿ. ಈಗ ಅದರ ತುಕ್ಕು ಹಿಡಿದ ಮೊಳೆ, ಗೆದ್ದಲಿನ ಮಣ್ಣು, ಮೇಲೆ ಯಾರಾದರೂ ನಡೆದರೆ ಬೊಂಬು ಮಾಡುವ ಕಿರ್ ಸದ್ದು, ಎಲ್ಲವೂ ನನ್ನೊಂದಿಗೆ ಹಾಸಿಗೆಗೆ ಬರತೊಡಗಿದವು.

ಅತ್ತೆ ಬಂದು ಇಳಿದರು. ಮಗಳು ಬರುವುದಿಲ್ಲವೆಂದದ್ದನ್ನೂ ಅದರ ಕಾರಣವನ್ನೂ ಕೇಳಿ, ನನ್ನತ್ತ ನೋಡದೆ ಗೋಡೆಗೆ ಹೇಳಿದರು: "ಅಳಿಯಂದಿರು ಭಾಳ ಕಲಿತಾರಂತ ಕೊಟ್ಟಿದ್ವಿ. ನೀರು ತರೂದಷ್ಟು ಕಲಿಸೂದು ಬಿಟ್ಟಾರ, ಪಾಪ."

ಮರುದಿನ ಸೋಮವಾರ. ನಸುಕಿನಲ್ಲಿ ಎದ್ದು, ಪಾತ್ರೆಯನ್ನು ಓಡಿಹೋಗಿ ಪಾಳಿಯ ಮೊದಲಲ್ಲಿಟ್ಟು, ಓಡಿಬಂದು ನಮ್ಮ ಮೆಟ್ಟಿಲ ಮೇಲೆ ನಿಂತೆ. ನೀರು ಬಂದಾಗ ಒಂದೇ ಉಸಿರಿನಲ್ಲಿ ಹೋಗಿ ತುಂಬಿ ತರುವ ಹಂಚಿಕೆ. ಅಷ್ಟರಲ್ಲಿ ಮೇಲಿನ ಬಿಡಾರದ, ವಾಡೆಗೆಲ್ಲ ಚಿಕ್ಕಮ್ಮನಾದ ಆಪ್ಟೆ ಕಾಕೂ ಬಂದವಳೇ ನನ್ನ ಪಾತ್ರೆಯನ್ನು ಕಾಲಿನಿಂದ ಹಿಂದೆ ಸರಿಸಿ, ತನ್ನ ತಾಮ್ರದ ಹಂಡೆಯನ್ನು ನಳದ ಕೆಳಗೆ ಕೂರಿಸಿದಳು. ಕಾಲಿನಿಂದ. ನಾನು ಹೇಗೆ ಅಂಗಳ ದಾಟಿದೆನೋ ತಿಳಿಯದು. ಪಾಳಿ ನನ್ನದು ಎಂದೆ. ಪಾಳಿ ಎನ್ನುವುದು ನಿಂತ ಮನುಷ್ಯನದು, ಪಾತ್ರೆಯದಲ್ಲ ಎಂದಳು. ಸಾಲದ್ದಕ್ಕೆ, ಇದೂ ಒಂದು ಪಾತ್ರೆಯೇನು ಎಂದು ಮೂಗು ಮುರಿದಳು. ನಮ್ಮ ಬಡತನದ ಮಾತೆತ್ತಿದಳಲ್ಲ ಎಂದು ನನಗೆ ಕೆಂಡದಂಥ ಸಿಟ್ಟು ಬಂತು. ನಿನ್ನ ಹಂಡೆಗಿಂತ ಮರ್ಯಾದೆಯ ಪಾತ್ರೆ ಇದು ಎಂದು ನನಗೆ ಬರುವ ಮುರುಕು ಮರಾಠಿಯಲ್ಲಿ ಸಾರಿದೆ. ವಾಡೆಯೆಲ್ಲ ಮೇಲಿನ ಗ್ಯಾಲರಿಗೆ ಬಂದು ನಿಂತು ನೋಡಿತು. ಬೊಂಬು ಕಿರ್ ಎಂದಿರಬೇಕು, ನಾನು ಕೇಳಲಿಲ್ಲ. ಹಂಡೆ ಸರಿಯಿತು, ನನ್ನ ಪಾತ್ರೆ ತುಂಬಿತು, ವಿಜಯಿಯಾಗಿ ಹೊತ್ತು ತಂದು ಅಡಿಗೆಮನೆಯಲ್ಲಿ ಇಳಿಸಿದೆ. ಆಗ ಹೊಳೆಯಿತು: ಇಷ್ಟು ಹೊತ್ತೂ ನಾನು ನಿಂತದ್ದು ಅದೇ ಗ್ಯಾಲರಿಯ ಕೆಳಗೆ.

ಸುಭದ್ರಾ ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನೂ ನೋಡಿದೆ. ಹಪ್ಪಳವಾದದ್ದರ ಬದಲಿಗೆ ಹೋದ ವಾರ ತಂದ ಹೊಸ ಚಿಮಣಿ ಎಣ್ಣೆ ಡಬ್ಬಿ. ತಳದಲ್ಲಿ ಉಳಿದಿದ್ದ ಎಣ್ಣೆ ನೀರಿನ ಮೇಲೆ ಕಾಮನಬಿಲ್ಲು ಬಿಡಿಸಿತ್ತು.

"ಅವ್ವಾ, ಗಂಟು ಕಟ್ಟು," ಎಂದಳು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಇವರು ಮೊದಲಿನಂಗ ಆದ್ರು. ನಾಳೆ ಹೋಗೂಣು."

ಸಂಜೆ ಬಂದ ಶೇಷಗಿರಿ ಮಾವ ಎಲ್ಲವನ್ನೂ ಕೇಳಿ, "ನೋಡ್ದ್ಯಾ, ಲಕ್ಷ್ಯ ಇಟ್ಟಿ, ಭಯ ಹೋತು" ಎಂದು ಪೂರ್ತಿ ಶ್ರೇಯಸ್ಸನ್ನು ಚಹಾದೊಂದಿಗೆ ಸ್ವೀಕರಿಸಿದರು. ನನ್ನ ಮನಸ್ಸು ಅಲ್ಲಿರಲಿಲ್ಲ. 'ಇದೂ ಒಂದು ಪಾತ್ರೆಯೇನು' ಎಂಬುದಕ್ಕೆ ಕಾಕೂಗೆ ಕೊಡಬಹುದಾಗಿದ್ದ ಇನ್ನೂ ಹರಿತವಾದ ಉತ್ತರ ಹುಡುಕುತ್ತಿತ್ತು. ಹುಡುಕುತ್ತಲೇ ಹಾಸಿಗೆಯಲ್ಲಿ ಉರುಳಿದೆ. ಗ್ಯಾಲರಿ ಬೀಳಲಿಲ್ಲ, ಡಬ್ಬಿ ಕಾಣಲಿಲ್ಲ.

ಎಚ್ಚರವಾದಾಗ ಮಂಗಳವಾರದ ಬಿಸಿಲು ಅಂಗಳಕ್ಕೆ ಇಳಿದಿತ್ತು, ನಳ ಬಂದು ಹೋಗಿತ್ತು, ಅತ್ತೆ ಟಾಂಗಾಕ್ಕೆ ಗಂಟು ಸಾಗಿಸುತ್ತಿದ್ದರು. ಹೊಸ್ತಿಲಲ್ಲಿ ನಮ್ಮ ಕೊಡ ತುಂಬಿ ಕೂತಿತ್ತು. ಯಾರು ತುಂಬಿದರೆಂದು ಕೇಳಿದೆ.

"ಆಪ್ಟೆ ಕಾಕೂ," ಎಂದಳು ಸುಭದ್ರಾ. "ಎದ್ದ ಮ್ಯಾಲೆ ನಿಮಗ ತೋರಿಸಂದಾರ. ಪಾತ್ರೆ ಅನ್ನೂದು ಇದಕ್ಕಂತ."