ರಾಯಭಾರಿಯ ಪತ್ರ ನೋಡುವವರು

ಕೆಲವರ ಮುಖ ನೋಡಿದರೆ ಜನ ದಾರಿ ಕೇಳುತ್ತಾರೆ, ಕೆಲವರ ಮುಖ ನೋಡಿದರೆ ಚಿಲ್ಲರೆ ಕೇಳುತ್ತಾರೆ. ನನ್ನ ಮುಖ ನೋಡಿದವರು ಮೊದಲಿನಿಂದಲೂ ಶಿಫಾರಸು ಕೇಳುತ್ತಾ ಬಂದಿದ್ದಾರೆ. ಲಾಕ್‌ಡೌನ್ ಕಾಲದಲ್ಲಿ ಮುಖ ನೋಡದೆಯೇ ಕೇಳಿದರು, ಅಷ್ಟೇ ವ್ಯತ್ಯಾಸ.

ನಾನು ಉಡುಪಿ ಕಡೆಯವಳು. ಮಲೇಷ್ಯಾದ ನಿಲಾಯ್‌ನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎಲ್ಲರೂ ಮನೆಯೊಳಗೆ ಸೇರಿಕೊಂಡ ಆ ವರ್ಷ, ಹದಿನೆಂಟನೇ ಶತಮಾನದ ಒಬ್ಬ ಯುರೋಪಿಯನ್ ರಾಯಭಾರಿಯ ಪತ್ರಗಳನ್ನು ಓದುತ್ತಿದ್ದೆ. ಅವುಗಳಲ್ಲಿ ರಾಜಕೀಯ ಎಲ್ಲೋ ಒಂದು ಚೂರು. ಉಳಿದದ್ದೆಲ್ಲ ಅಳಿಯನಿಗೊಂದು ಹುದ್ದೆ, ಭಾವಮೈದುನನಿಗೊಂದು ಹಡಗು, ನನಗೊಂದು ಪೀಪಾಯಿ ವೈನ್.

ಒಂದು ದಿನ ಇಲ್ಲಿನ ಕನ್ನಡಿಗರ ಆನ್‌ಲೈನ್ ಭೇಟಿಯಲ್ಲಿ ಯಾರೋ ಕೇಳಿದರು, "ಮೇಡಂ, ತಾವೇನು ಮಾಡ್ತಿದೀರಿ?"

"ರಾಯಭಾರಿಯೊಬ್ಬರ ಪತ್ರವ್ಯವಹಾರ ನೋಡ್ತಾ ಇದೀನಿ" ಎಂದೆ. "ಹದಿನೆಂಟನೇ ಶತಮಾನದವರು" ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮುಂದಿನದೆಲ್ಲ ಆ ನೆಟ್‌ವರ್ಕಿನ ಕೃಪೆ.

ಚಾರ್ಜ್ ಯಾರ ಹತ್ತಿರ?

ಮರುದಿನ ಮಾಂಟ್ ಕಿಯಾರಾದಿಂದ ಒಬ್ಬ ಸಾಫ್ಟ್‌ವೇರ್ ಮಹಾಶಯರ ಫೋನು. ದನಿ ಬಹಳ ಸಣ್ಣದು. ಬಾಲ್ಕನಿಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದರಂತೆ. ಒಂದು ತಿಂಗಳಿಗೆಂದು ಮೈಸೂರಿನಿಂದ ಬಂದ ಅತ್ತೆ, ವಿಮಾನಗಳೆಲ್ಲ ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಯುಗಾದಿ ಹೋಗಿ ಗಣೇಶನ ಹಬ್ಬ ಬಂದರೂ ಅತ್ತೆ ಕದಲಿರಲಿಲ್ಲ.

"ಮೇಡಂ, ಸ್ಪೆಷಲ್ ಫ್ಲೈಟ್ ಬಿಡ್ತಿದಾರಂತೆ. ಅಂಬಾಸಡರ್ ಸಾಹೇಬ್ರಿಗೆ ನೀವು ಒಂದು ಮಾತು ಹೇಳಿದ್ರೆ ನಮ್ಮತ್ತೆಗೆ ಸೀಟು ಸಿಗುತ್ತೆ. ಅವರಿಗೂ ಊರು ನೋಡ್ಬೇಕು ಅನ್ನಿಸ್ತಿದೆ, ನಮಗೂ ಅನ್ನಿಸ್ತಿದೆ."

"ಅವರು ತೀರಿಹೋಗಿದ್ದಾರೆ ಸರ್" ಎಂದೆ.

"ಅಯ್ಯೋ ದೇವರೇ! ಕೋವಿಡ್ಡಾ?"

"ಅಲ್ಲ ಸರ್. ತೀರಿಹೋಗಿ ಇನ್ನೂರು ವರ್ಷದ ಮೇಲಾಯ್ತು."

ಆ ಕಡೆ ಒಳಗಿನಿಂದ ಅತ್ತೆಯವರು ಅಳಿಯನ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಅವರು ಅವಸರದಲ್ಲಿ ಪಿಸುಗುಟ್ಟಿದರು:

"ಹಾಗಾದ್ರೆ ಈಗ ಅವರ ಚಾರ್ಜ್ ಯಾರ ಹತ್ರ ಇದೆ ಮೇಡಂ?"

ಚಕ್ಕುಲಿ ತಲುಪಿತು

ನಿಜ ಹೇಳಿದಷ್ಟೂ ನನ್ನ ಗೌರವ ಏರುತ್ತಾ ಹೋಯಿತು. "ಅಂಥ ಜಾಗದಲ್ಲಿ ಇರೋರು ಹಾಗೇ ಹೇಳ್ಬೇಕಾಗುತ್ತೆ ಬಿಡಿ" ಎಂದು ಜನ ಅರ್ಥ ಮಾಡಿಕೊಂಡರು.

ಸೆರೆಂಬಾನಿನ ಒಬ್ಬ ಡಾಕ್ಟರಮ್ಮ ಡೆಲಿವರಿಯವನ ಕೈಯಲ್ಲಿ ಒಂದು ಡಬ್ಬಿ ಚಕ್ಕುಲಿ ಕಳಿಸಿದರು. ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಯೋಡೇಟಾ. ಅವರ ತಮ್ಮನಿಗೆ ಎಂಬಸಿಯಲ್ಲಿ "ಸಣ್ಣದಾದರೂ ಅಡ್ಡಿಯಿಲ್ಲ, ಒಂದು ಕೆಲಸ" ಬೇಕಿತ್ತು. ಹೆಣ್ಣು ಹುಡುಕಲು ಮಾಡಿಸಿದ ಬಯೋಡೇಟಾವನ್ನೇ ಕಳಿಸಿದ್ದರೆಂದು ಕಾಣುತ್ತದೆ. ವಿದ್ಯಾಭ್ಯಾಸಕ್ಕಿಂತ ಮೊದಲು ಗೋತ್ರ, ನಕ್ಷತ್ರ, ಎತ್ತರ, ಮೈಬಣ್ಣ ಇದ್ದವು.

ನಾನು ಗೇಟಿಗೆ ಓಡಿ, "ಇದನ್ನು ವಾಪಸ್ ತಗೊಂಡು ಹೋಗಪ್ಪ" ಎಂದೆ.

"ಕ್ಯಾನಾಟ್ ಲಾ, ಆಂಟಿ. ರಿಟರ್ನ್ ಬುಕಿಂಗ್ ನೋ ಗಾಟ್" ಎಂದು ಇಲ್ಲಿನ ಇಂಗ್ಲಿಷಿನಲ್ಲಿ ಹೇಳಿ ಅವನು ಬೈಕ್ ಹತ್ತಿದ.

ಒಳಗೆ ಬಂದರೆ ನನ್ನ ಗಂಡ ಕ್ಯಾಮೆರಾ ಆಫ್ ಮಾಡಿಕೊಂಡು ಆನ್‌ಲೈನ್ ಪಾಠ ಮಾಡುತ್ತಾ ಕುಳಿತಿದ್ದರು. ಡಬ್ಬಿ ಅವರ ಮುಂದಿತ್ತು. ಕುರುಮ್ ಕುರುಮ್ ಸದ್ದು ವಿದ್ಯಾರ್ಥಿಗಳಿಗೂ ಕೇಳಿಸಿರಬೇಕು.

"ಲಂಚ ತಿನ್ತಿದೀರಲ್ರೀ!"

ಅವರು ಮ್ಯೂಟ್ ಒತ್ತಿ ಹೇಳಿದರು, "ಹುಡುಗ ಒಳ್ಳೆಯವನೇ ಇರಬೇಕು. ಅಕ್ಕನ ಕೈಗುಣ ನೋಡು."

ಆಮೇಲೆ ನನಗೆ ಹೇಳದೆ ಡಾಕ್ಟರಮ್ಮನಿಗೆ ಒಂದು ಸಂದೇಶವನ್ನೂ ಕಳಿಸಿದರು: "ಚಕ್ಕುಲಿ ತಲುಪಿತು. ನಿಮ್ಮ ತಮ್ಮನ ವಿಷಯ ಮನಸ್ಸಿನಲ್ಲಿದೆ."

ನಾನು ದಂಗಾದೆ. ನನ್ನ ರಾಯಭಾರಿ ವೈನ್ ಬಂದಾಗಲೆಲ್ಲ ಬರೆಯುತ್ತಿದ್ದದ್ದು ಇದೇ ಎರಡು ವಾಕ್ಯ. ನನ್ನ ಗಂಡ ಅವನ ಒಂದೇ ಒಂದು ಪತ್ರವನ್ನೂ ಓದಿದವರಲ್ಲ.

ಮೂರನೇ ಪುಟದ ಮಗಳು

ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆ ಕಂಪನಿಯೊಂದರ ಮ್ಯಾನೇಜರ್, ಧಾರವಾಡದವರು, ಫೋನ್ ಮಾಡಿದರು.

"ಮೇಡಂರೀ, ನಿಮ್ಮ ಸಾಹೇಬ್ರು ಸತ್ತು ಇನ್ನೂರು ವರ್ಷ ಆಗೇತಿ ಅಂತ ನನಗ ಗೊತ್ತೈತ್ರಿ. ನನಗ ಸಾಹೇಬ್ರು ಬ್ಯಾಡ. ಅರ್ಜಿ ಓದೀ ಓದೀ ನಿಮಗ ಬರೆಯೂ ರೂಢಿ ಆಗಿರ್ತೈತಿ. ಒಂದು ಬರ್ಕೊಡ್ರಿ."

ನನ್ನನ್ನು ನಂಬಿದ ಮೊದಲ ಮನುಷ್ಯ! ವಿಷಯವೇನೆಂದು ಕೇಳಿದೆ.

"ಊರಾಗ ಮಗಳು ಹುಟ್ಟ್ಯಾಳ್ರೀ. ಈಗ ಅಂಬೆಗಾಲು ಇಡಾಕತ್ತಾಳ. ನಾ ಇನ್ನೂ ಆಕಿನ್ನ ಒಂದು ಸಲಾನೂ ಎತ್ತಿಕೊಂಡಿಲ್ಲ" ಎಂದರು.

ಊಟ ಬಿಟ್ಟು ಕುಳಿತು ಬರೆದೆ. ಘನತೆವೆತ್ತವರ ಔದಾರ್ಯಕ್ಕೊಂದು ಪುಟ, ದೂರದೃಷ್ಟಿಗೊಂದು ಪುಟ, ಕೊನೆಗೆ "ತಮ್ಮ ಅತ್ಯಂತ ವಿಧೇಯ, ವಿನಮ್ರ ಸೇವಕ." ಓದಿ ಅವರು ಮತ್ತೆ ಫೋನ್ ಮಾಡಿದರು.

"ಭಾಳ ಚಲೋ ಬರದೀರಿ ಮೇಡಂರೀ. ಆದ್ರ ಇದರಾಗ ನನ್ನ ಮಗಳು ಎಲ್ಲದಾಳ?"

"ಮೂರನೇ ಪುಟದಲ್ಲಿದ್ದಾಳೆ ಸರ್."

"ಅಲ್ಲೀತನಕ ಯಾರು ನಡೀತಾರ್ರೀ?"

ಎಲ್ಲ ಅಳಿಸಿ, ಮೊದಲು ಫೋನಿನಲ್ಲಿ ಅವರು ಹೇಳಿದ್ದನ್ನಷ್ಟೇ ಇಂಗ್ಲಿಷಿಗೆ ಇಳಿಸಿ ಎಂಬಸಿಗೆ ಕಳಿಸಿದೆವು. ಸೀಟು ಸಿಕ್ಕಿತು. ಆ ದಿನ ನಮ್ಮ ಮನೆಯಲ್ಲಿ ಪಾಯಸ.

ಊರಿನಲ್ಲಿ ಕ್ವಾರಂಟೈನ್ ಮುಗಿಸಿ ಮನೆ ಸೇರಿದ ಮೇಲೆ ಅವರ ಫೋನ್ ಬಂತು. ಹಿಂದೆ ಮಗು ಕಿರುಚಿ ಅಳುತ್ತಿತ್ತು.

"ಏನಾಯ್ತು ಸರ್?"

"ನನ್ನ ಕಂಡ್ರ ಚೀರ್ತಾಳ್ರೀ. ಆಕಿಗೆ ಫೋನಿನ್ಯಾಗಿನ ಅಪ್ಪನ ಬೇಕಂತ. ಅದಕ್ಕ ಈಗ ಬಾಜೂ ಖೋಲ್ಯಾಗ ನಿಂತು ವಿಡಿಯೋ ಕಾಲ್ ಮಾಡಾಕತ್ತೀನಿ."

ವಂದನಾರ್ಪಣೆ

ಕೊನೆಗೆ ಈ ತಪ್ಪು ತಿಳಿವಳಿಕೆಯನ್ನು ಒಂದೇ ಏಟಿಗೆ ಮುಗಿಸೋಣವೆಂದು ಕನ್ನಡ ಬಳಗದಲ್ಲಿ ಆನ್‌ಲೈನ್ ಉಪನ್ಯಾಸ ಇಟ್ಟುಕೊಂಡೆ. ವಿಷಯ: ರಾಯಭಾರಿ ಮತ್ತು ಅವರ ಪತ್ರಗಳು. ನನ್ನ ಇತಿಹಾಸದ ಪಾಠಕ್ಕೆ ಅಷ್ಟು ಜನ ಸೇರಿದ್ದು ಅದೇ ಮೊದಲು. ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಧ್ಯಕ್ಷರ ಕ್ಯಾಮೆರಾ ಮಾತ್ರ ಮೊದಲಿನಿಂದ ಕೊನೆಯವರೆಗೆ ಸೀಲಿಂಗ್ ಫ್ಯಾನ್ ತೋರಿಸುತ್ತಿತ್ತು.

ನಾನು ಏನನ್ನೂ ಬಿಡಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಹಡಗು ಹತ್ತಿದ್ದು, ಅಳಿಯನಿಗೆ ಹುದ್ದೆ ಕೊಡಿಸಿದ್ದು, ಎಲ್ಲ ಹೇಳಿದೆ. ಬಿಳಿ ಸುರುಳಿ ವಿಗ್ ಹಾಕಿದ ಅವನ ಚಿತ್ರ ತೋರಿಸಿದಾಗ ಯಾರೋ ಮೈಕ್ ಆಫ್ ಮಾಡಲು ಮರೆತು ಗಂಡನಿಗೆ, "ಈ ವಯಸ್ಸಲ್ಲೂ ಕೂದಲು ನೋಡ್ರೀ ಹೇಗಿದೆ, ನೀವೂ ಇದೀರಿ" ಎಂದರು. ಕೊನೆಯಲ್ಲಿ ಸಮಾಧಿಯ ಫೋಟೋವನ್ನೇ ಹಾಕಿಬಿಟ್ಟೆ. ಪಾಚಿ ಹಿಡಿದ ಕಲ್ಲು, ಒಂದು ಮೂಲೆ ಮುರಿದಿದೆ. ಇದಕ್ಕಿಂತ ಸಾಕ್ಷಿ ಬೇಕೇ? ಎಲ್ಲರೂ ಗಂಭೀರವಾಗಿ ತಲೆದೂಗಿದರು. ಬದುಕಿದೆ ಎಂದುಕೊಂಡೆ.

ಆಗ ಸೀಲಿಂಗ್ ಫ್ಯಾನಿನ ಹಿಂದಿನಿಂದ ಅಧ್ಯಕ್ಷರ ವಂದನಾರ್ಪಣೆ ಶುರುವಾಯಿತು.

"ಮಾನ್ಯ ರಾಯಭಾರಿಗಳ ಬಗ್ಗೆ ಮೇಡಂ ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ಅವರಿಗೆ ನಮ್ಮ ಧನ್ಯವಾದಗಳು. ಇಂದಿನ ಸಭೆಗೆ ಮಾನ್ಯ ರಾಯಭಾರಿಗಳನ್ನೂ ಆಹ್ವಾನಿಸಲಾಗಿತ್ತು. ಆದರೆ ಅನಿವಾರ್ಯ ಕಾರಣಗಳಿಂದ ಅವರಿಗೆ ಬರಲಾಗಲಿಲ್ಲ."